ಕೀ ತೆಗೆದ ಮೇಲೂ

ಹೊಗೆಯನ್ನು ಮೊದಲು ಕಂಡವಳು ಅಕ್ಕನ ಮಗಳು. ಶುಕ್ರವಾರ ಸಂಜೆ ಶಾಲೆಯಿಂದ ಬರುವಾಗ ಹಿಂದಿನ ಸೀಟಿನಲ್ಲಿ ಮೊಣಕಾಲೂರಿ, ಹಿಂಬದಿಯ ಗಾಜಿಗೆ ಮೂಗು ಒತ್ತಿ ಕುಳಿತಿದ್ದವಳು, "ತಾತ, ನಮ್ಮ ಹಿಂದೆ ರಸ್ತೆನೇ ಇಲ್ಲ" ಅಂದಳಂತೆ. ಅಪ್ಪ ಕನ್ನಡಿಯಲ್ಲಿ ನೋಡಿದರೆ ರಸ್ತೆ ನಿಜಕ್ಕೂ ಇರಲಿಲ್ಲ. ನೀಲಿ ಹೊಗೆ, ಅದರೊಳಗೆ ಎಲ್ಲೋ ಹಾರ್ನ್ ಹೊಡೆಯುತ್ತಿದ್ದ ಬೇರೆ ಗಾಡಿಗಳು, ಅಷ್ಟೆ.

ಮನೆಗೆ ಬಂದು ಅವಳು ಇದನ್ನು ದೊಡ್ಡ ಸಾಹಸವೆಂಬಂತೆ ಹೇಳಿದಳು. ಅಕ್ಕ ನನ್ನ ಮುಖ ನೋಡಿದಳು. ಆ ನೋಟದ ಅರ್ಥ ನನಗೆ ಗೊತ್ತಿತ್ತು. ಇನ್ನೂ ಹೇಳಿಲ್ಲವಾ ನೀನು?

ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಇನ್ನು ಮೇಲೆ ನೀವು ಕಾರು ಓಡಿಸುವುದು ಬೇಡ, ಅಪ್ಪ.

ಅಪ್ಪ ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿದವರು. ದಿನಾ ಸಂಜೆ ಕೊನೆಯ ಮಗು ಇಳಿದ ಮೇಲೆ ಬಸ್ಸಿನ ಕೊನೆಯ ಸಾಲಿನವರೆಗೆ ನಡೆದು, ಪ್ರತಿ ಸೀಟಿನ ಕೆಳಗೂ ಬಗ್ಗಿ ನೋಡಿ ಬರುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಉಳಿದದ್ದು ಈ ಹಳೆಯ ಡೀಸೆಲ್ ಕಾರು, ಮತ್ತು ಮೊಮ್ಮಗಳನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸ. ಒಂದು ತಿಂಗಳ ಹಿಂದೆ ಅವರು ಮನೆಯ ಹತ್ತಿರದ ಸರ್ಕಲ್ಲಿನಲ್ಲಿ ನಿಂತುಬಿಟ್ಟರು. ದೀಪ ಎರಡು ಸಲ ಹಸಿರಾಗಿ ಎರಡು ಸಲ ಕೆಂಪಾಯಿತು. ಆಮೇಲೆ ಮಗುವನ್ನು, "ಯಾವ ಕಡೆ ಹೇಳು ನೋಡೋಣ" ಎಂದು ಕೇಳಿದರು. "ತಾತ ನಂಗೆ ಪರೀಕ್ಷೆ ಮಾಡಿದ್ರು, ನಾನು ಪಾಸು" ಎಂದು ಅವಳು ಕುಣಿದಳು. ನಾವು ಯಾರೂ ನಗಲಿಲ್ಲ. ಡಾಕ್ಟರಿಗೆ ತೋರಿಸೋಣ ಎಂದು ಅಕ್ಕ ಹೇಳಿದ್ದಕ್ಕೆ ಅಪ್ಪ, "ತಲೆ ತೋರಿಸೋಕೆ ನಂಗೇನು ತಲೆ ಕೆಟ್ಟಿದೆಯಾ?" ಎಂದು ಎದ್ದು ಹೋದರು.

ಅಪ್ಪನಿಗೆ ನಾನು ಹೇಳಿದರೆ ನಾಟುತ್ತದೆ ಎಂದು ಅಕ್ಕನ ಲೆಕ್ಕ. ನಾನು ಕಡಿಮೆ ಮಾತಿನವಳು, ಆದ್ದರಿಂದ ನನ್ನ ಮಾತಿಗೆ ತೂಕ ಹೆಚ್ಚಂತೆ. ನಾನು ನಾಲ್ಕು ವಾರ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡೇ ಓಡಾಡಿದೆ. ಅದರ ಬದಲು ಇನ್ನೊಂದು ಕೆಲಸ ಮಾಡಿದೆ. ಬುಧವಾರ ಕಾರು ಕೇಳಿ ತೆಗೆದುಕೊಂಡು ಲೈಬ್ರರಿಗೆ ಹೋಗಿದ್ದವಳು, ಅಪ್ಪ ಗಾಡಿಯನ್ನಾದರೂ ಸರಿಯಾಗಿ ನೋಡಿಕೊಳ್ಳುತ್ತಿದ್ದಾರಾ ಎಂದು ಪರೀಕ್ಷಿಸಲು, ಬಾನೆಟ್ ಎತ್ತಿ ಆಯಿಲ್ ನೋಡುವ ಕಡ್ಡಿಯನ್ನು ಎಳೆದೆ. ತುದಿಗೆ ಮಾತ್ರ ಆಯಿಲ್ ಹತ್ತಿತ್ತು. ಇದನ್ನೂ ಮರೆತಿದ್ದಾರೆ ಅನಿಸಿತು. ಹತ್ತಿರದ ಅಂಗಡಿಯಿಂದ ಡಬ್ಬಿ ತಂದು ಒಂದು ಲೀಟರ್ ಸುರಿದೆ. ಮತ್ತೆ ಕಡ್ಡಿ ಎಳೆದರೆ ಇನ್ನೂ ಕಡಿಮೆಯೇ ಇತ್ತು. ಇನ್ನೊಂದು ಲೀಟರ್ ಸುರಿದೆ. ಅಪ್ಪನಿಗೆ ಹೇಳಲಿಲ್ಲ, ನೊಂದುಕೊಳ್ಳುತ್ತಾರೆ ಎಂದು. ಅಕ್ಕನಿಗೆ ಹೇಳಿದೆ.

ಶನಿವಾರ ಬೆಳಿಗ್ಗೆ ಅಪ್ಪ ಕಾರನ್ನು ಮೇಸ್ತ್ರಿಯ ಗ್ಯಾರೇಜಿಗೆ ತಂದಾಗ ನಾನೂ ಪಕ್ಕದಲ್ಲಿ ಕುಳಿತು ಬಂದೆ. ನಿಧಾನವಾಗಿ ಬಂದೆವು. ನಾನು ಪಕ್ಕದ ಕನ್ನಡಿಯಲ್ಲಿ ಹಿಂದೆ ನೋಡುವ ಧೈರ್ಯ ಮಾಡಲಿಲ್ಲ.

ಅವರನ್ನು ಎಲ್ಲರೂ ಮೂಗು ಮೇಸ್ತ್ರಿ ಎನ್ನುತ್ತಾರೆ. ಏನು ಕೆಟ್ಟಿದೆ ಎಂದು ಮೊದಲು ಮೂಸಿ ನೋಡುತ್ತಾರೆ, ಆಮೇಲೆ ಕೈ ಹಾಕುತ್ತಾರೆ. ತಗಡಿನ ಚಾವಣಿಯ ಉದ್ದನೆಯ ಶೆಡ್ಡು, ಗೋಡೆಗೆ ಅಳತೆಯ ಪ್ರಕಾರ ನೇತುಹಾಕಿದ ಸ್ಪ್ಯಾನರುಗಳು, ಮೂಲೆಯಲ್ಲಿ ಒಂದು ಬೆಂಚು. ಅಪ್ಪ ಕಾರಿನ ಮುಂಭಾಗವನ್ನು ಗೋಡೆಯ ಕಡೆಗೆ ಮಾಡಿ ನಿಲ್ಲಿಸಿದರು. ಮೇಸ್ತ್ರಿ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಸೈಲೆನ್ಸರಿನ ಬಾಯಿಗೆ ಬಿಳಿ ಬಟ್ಟೆ ಹಿಡಿದರು, ಬಟ್ಟೆಯನ್ನು ಮೂಸಿದರು.

"ಡ್ರೈವರಣ್ಣ, ನೀಲಿ."

"ಅದು ನನ್ನ ಮೊಮ್ಮಗಳಿಗೂ ಗೊತ್ತಾಯ್ತು ಮೇಸ್ತ್ರಿ. ಹೊಸದೇನಾದ್ರೂ ಇದ್ರೆ ಹೇಳಿ."

"ಹಾಗಾದ್ರೆ ಅವಳನ್ನೇ ಕರ್ಕೊಂಡು ಬರಬೇಕಿತ್ತು. ನಾನು ಮನೇಲಿ ಮಲಗ್ತಿದ್ದೆ." ಮೇಸ್ತ್ರಿ ನನ್ನ ಕಡೆ ತಿರುಗಿದರು. "ನೋಡು ತಂಗಿ, ಕಪ್ಪು ಹೊಗೆ ಬಂದ್ರೆ ಗಾಳಿ ಸಾಲ್ತಿಲ್ಲ, ಇಲ್ಲಾ ಡೀಸೆಲ್ ಜಾಸ್ತಿ ಹೋಗ್ತಿದೆ ಅಂತ. ಬಿಳಿ ಬಂದ್ರೆ ಒಳಗೆ ನೀರು ಸೇರ್ತಿದೆ, ಇಲ್ಲಾ ಡೀಸೆಲ್ ಉರೀದೆ ಹಂಗೇ ಆಚೆ ಬರ್ತಿದೆ ಅಂತ. ನೀಲಿ ಬಂತು ಅಂದ್ರೆ ಎಂಜಿನ್ ತನ್ನ ಆಯಿಲನ್ನ ತಾನೇ ಸುಡ್ತಿದೆ. ಎಲ್ಲಿಂದ ಒಳಗೆ ನುಗ್ತಿದೆ ಅನ್ನೋದು ಹುಡುಕಬೇಕು. ಪಿಸ್ಟನ್ ರಿಂಗ್ ಸವೆದಿರಬಹುದು, ಇಲ್ಲಾ ಒಳಗೆ ಗಾಳಿ ತುಂಬೋ ಟರ್ಬೊದ ಸೀಲ್ ಹೋಗಿರಬಹುದು." ಮತ್ತೆ ಅಪ್ಪನನ್ನು ಕೇಳಿದರು. "ಆಯಿಲ್ ಹೇಗಿದೆ?"

"ಹೋದ ಭಾನುವಾರ ನಾನೇ ಬದಲಾಯಿಸಿದೆ. ಕಡ್ಡಿಯ ಮೇಲಿನ ಗೆರೆಗೆ ಸರಿಯಾಗಿ. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ."

"ನೀವು ಹೇಳಿದ ಮೇಲೆ ಮುಗೀತು" ಎಂದು ಮೇಸ್ತ್ರಿ ಮುಂದಕ್ಕೆ ಹೋದರು.

ಬೇರೆ ಯಾರೇ ಹೇಳಿದ್ದರೂ ಅವರು ಕಡ್ಡಿ ಎಳೆದು ನೋಡುತ್ತಿದ್ದರು. ಅಪ್ಪನ ಮಾತನ್ನು ಪರೀಕ್ಷಿಸುವುದು ಇಪ್ಪತ್ತು ವರ್ಷದ ಪರಿಚಯಕ್ಕೆ ಅವಮಾನ. ಆ ಮರ್ಯಾದೆಯ ನಡುವೆ ನಾನು ನಿಂತಿದ್ದೆ. ಭಾನುವಾರ ಬದಲಾಯಿಸಿದ್ದರೆ ಬುಧವಾರ ಕಡಿಮೆ ಆದದ್ದು ಹೇಗೆ? ನಾನು ನೋಡಿದ್ದು ಏನನ್ನು? ಕೇಳಬಹುದಿತ್ತು. ನಾನೂ ಸ್ವಲ್ಪ ಹಾಕಿದೆ ಅಂದರೆ ಸಾಕಿತ್ತು. ಆದರೆ ಹಾಗೆಂದರೆ, ಯಾಕೆ ಹಾಕಿದೆ, ಯಾಕೆ ಹೇಳಲಿಲ್ಲ, ನನ್ನ ಮೇಲೆ ನಿಮಗೆಲ್ಲ ಏನು ಅನುಮಾನ ಎಂದು ಒಂದರ ಹಿಂದೆ ಒಂದು ಪ್ರಶ್ನೆಗಳು ಬರುತ್ತಿದ್ದವು. ಮೇಸ್ತ್ರಿಯ ಎದುರಿಗೆ ಬೇಡ, ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಮೇಸ್ತ್ರಿ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದರು. ಗಾಳಿ ಹೋಗುವ ದಪ್ಪ ರಬ್ಬರ್ ಪೈಪಿನೊಳಗೆ ಬೆರಳಾಡಿಸಿ ಹೊರತೆಗೆದರೆ ಬೆರಳು ಎಣ್ಣೆಯಲ್ಲಿ ಅದ್ದಿದ ಹಾಗಿತ್ತು. "ಟರ್ಬೊನೇ ಇರಬೇಕು. ಡ್ರೈವರಣ್ಣ, ಸ್ಟಾರ್ಟ್ ಮಾಡಿ, ನಾನು ಹೇಳಿದಾಗ ಸ್ವಲ್ಪ ರೇಸ್ ಕೊಡಿ. ತಂಗಿ, ನೀನು ಹಿಂದೆ ನಿಂತು ಹೊಗೆ ಹೆಚ್ಚುತ್ತಾ ನೋಡಿ ಹೇಳು."

ಅಪ್ಪ ಒಳಗೆ ಕುಳಿತರು. ಎಂಜಿನ್ ಎದ್ದಿತು. "ಕೊಡಿ" ಎಂದರು ಮೇಸ್ತ್ರಿ. ಸದ್ದು ಏರಿತು. "ಸಾಕು, ಬಿಡಿ."

ಸದ್ದು ಇಳಿಯಲಿಲ್ಲ.

"ಬಿಡಿ ಅಂದೆ."

"ಬಿಟ್ಟಿದೀನಿ" ಎಂದು ಅಪ್ಪನ ದನಿ ಕೇಳಿಸಿತು. ಆಮೇಲೆ ಯಾವ ದನಿಯೂ ಕೇಳಿಸಲಿಲ್ಲ. ಸದ್ದು ಏರುತ್ತ ಏರುತ್ತ ಕಿರುಚಾಟವಾಯಿತು. ತಗಡಿನ ಚಾವಣಿ ನಡುಗಿತು, ಗೋಡೆಯ ಸ್ಪ್ಯಾನರುಗಳು ಒಂದಕ್ಕೊಂದು ಬಡಿದುಕೊಂಡವು. ಹಿಂದಿನಿಂದ ಹೊಗೆ ಉಗುಳುವುದಲ್ಲ, ಸುರಿಯಲು ಶುರುವಾಯಿತು. ನನ್ನ ಕಾಲು, ಸೊಂಟ, ಆಮೇಲೆ ಕಾರಿನ ಹಿಂಭಾಗ, ಕೊನೆಗೆ ಕಾರೇ ಕಾಣದಾಯಿತು. ಕಿಟಕಿಯಿಂದ ಅಪ್ಪನ ಕೈ ಮಾತ್ರ ಒಂದು ಕ್ಷಣ ಹೊರಗೆ ಬಂತು. ಬೆರಳಲ್ಲಿ ಕೀ ಇತ್ತು. ಕೀ ತೆಗೆದು ತೋರಿಸುತ್ತಿದ್ದರು. ಕೀ ತೆಗೆದ ಮೇಲೂ ಎಂಜಿನ್ ಓಡುತ್ತಿತ್ತು.

ಹೆದರಿಕೆ ಅಂದರೆ ಓಡಬೇಕು ಅನಿಸುತ್ತದೆ ಎಂದುಕೊಂಡಿದ್ದೆ. ನನಗೆ ಕಾಲು ಇರುವುದೇ ಮರೆತುಹೋಗಿತ್ತು. ಮುಂದೆ ಬಾನೆಟ್ಟಿಗೂ ಗೋಡೆಗೂ ನಡುವೆ ಮೇಸ್ತ್ರಿ ಇದ್ದರು. ಅವರು ಎರಡೂ ಕೈಯಲ್ಲಿ ಯಾವುದೋ ಹಲಗೆಯನ್ನು, ಗಾಳಿ ತಡೆಯಲು, ಗಾಳಿಯ ಪೈಪಿನ ಬಾಯಿಗೆ ಒತ್ತಲು ಹೋಗಿ ಹಿಂದಕ್ಕೆ ಬಿದ್ದದ್ದು, ಹೊಗೆ ಒಂದು ಕ್ಷಣ ಸರಿದಾಗ, ಮಸುಕಾಗಿ ಕಂಡಿತು. ಎಂಜಿನ್ನಿನ ಕಬ್ಬಿಣ ಸಿಡಿದರೆ ಮೊದಲು ಅವರಿಗೆ, ಆಮೇಲೆ ಅಪ್ಪನಿಗೆ. ನಾನು ಬಾಯಿ ತೆರೆದೆ. ಏನು ಕೂಗಿದೆನೋ ಗೊತ್ತಿಲ್ಲ. ಎರಡು ಲೀಟರ್ ಎಂದಿರಬಹುದು. ಅದು ನನಗೇ ಕೇಳಿಸಲಿಲ್ಲ.

ಆಗ ಕಾರು ಒಮ್ಮೆ ಮುಗ್ಗರಿಸಿದ ಹಾಗೆ ಜಿಗಿದು, ಮುಂದಿನ ಚಕ್ರಗಳು ನೆಲ ಕೆರೆದು, ನಿಂತಿತು. ಸದ್ದು ಕತ್ತರಿಸಿದಂತೆ ನಿಂತಿತು. ಕಿವಿಯಲ್ಲಿ ಮಾತ್ರ ಇನ್ನೂ ಓಡುತ್ತಿತ್ತು.

ಹೊಗೆ ಕರಗಿದಾಗ ಮೇಸ್ತ್ರಿ ಗೋಡೆಗೆ ಒರಗಿ ಕುಳಿತಿದ್ದರು. ಬಂಪರಿಗೂ ಅವರ ಮೊಣಕಾಲಿಗೂ ನಡುವೆ ಒಂದು ಗೇಣು ಜಾಗವಿತ್ತು.

"ಟಾಪ್ ಗೇರಿಗೆ ಹಾಕಿ, ಪೂರ್ತಿ ಬ್ರೇಕ್ ಒತ್ತಿ, ಕ್ಲಚ್ ಬಿಟ್ಟೆ, ಎಂಜಿನ್ ಕಟ್ಟಿಕೊಂಡು ನಿಲ್ತು" ಎಂದರು ಅಪ್ಪ ಒಳಗಿನಿಂದ. ದನಿ ಶಾಂತವಾಗಿತ್ತು. "ಒಂದ್ಸಲ ಬಸ್ಸಿಗೂ ಹಿಂಗೇ ಆಗಿತ್ತು. ಮಕ್ಕಳಿದ್ರು."

"ನನಗೆ ಹೇಳೋಕೆ ಉಸಿರಿರಲಿಲ್ಲ" ಎಂದರು ಮೇಸ್ತ್ರಿ. "ನೀವು ಬೇರೆಯವರಾಗಿದ್ರೆ ನಾನೀಗ ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಆಗ್ತಿದ್ದೆ."

ಇಬ್ಬರೂ ನಕ್ಕರು. ಅಪ್ಪ ಬಾಗಿಲು ಹಿಡಿದುಕೊಂಡು ಕೆಳಗಿಳಿದರು. ನಾನು ಹತ್ತಿರ ಹೋಗಿ ಮೊಣಕೈ ಹಿಡಿದುಕೊಂಡೆ. ಈಗ ಹೇಳಬೇಕು ಅಂದುಕೊಂಡೆ. ಎಂಜಿನ್ ಆರುವವರೆಗೂ ಅಂದುಕೊಳ್ಳುತ್ತಲೇ ಇದ್ದೆ. ಅಷ್ಟರಲ್ಲಿ ಮೇಸ್ತ್ರಿ ಬಟ್ಟೆಯಿಂದ ಕೈ ಒರೆಸಿಕೊಂಡು, ಯಾವ ಮರ್ಯಾದೆಯನ್ನೂ ಲೆಕ್ಕಿಸದೆ, ಆಯಿಲ್ ಕಡ್ಡಿಯನ್ನು ಎಳೆದರು. ಕಡ್ಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಡ್ಡಿ ಮೇಲಿನ ಗೆರೆ ದಾಟಿ ಮೂರು ಬೆರಳು ಎತ್ತರಕ್ಕೆ ಒದ್ದೆಯಾಗಿತ್ತು.

"ಡ್ರೈವರಣ್ಣ, ಎಷ್ಟು ಹಾಕಿದ್ರಿ?"

"ಹೇಳಿದೆನಲ್ಲ. ಗೆರೆಗೆ ಸರಿಯಾಗಿ."

"ಉರಿದು ಹೋಗಿದ್ದೂ ಸೇರಿದ್ರೆ ಎರಡು ಲೀಟರ್ ಹೆಚ್ಚಾಗಿತ್ತು." ಮೇಸ್ತ್ರಿಯ ದನಿ ಮೆತ್ತಗಾಗಿತ್ತು, ಅದಕ್ಕೇ ನನಗೆ ಹೆಚ್ಚು ಭಯವಾದದ್ದು. "ಟರ್ಬೊ ಅಲ್ಲ, ರಿಂಗೂ ಅಲ್ಲ. ಹೆಚ್ಚಾದ ಆಯಿಲನ್ನ ಎಂಜಿನ್ ಒಳಗೆ ಕಡೆದು ನೊರೆ ಮಾಡಿದೆ, ಅದು ಗಾಳಿ ಪೈಪಿಗೆ ನುಗ್ಗಿದೆ. ಡೀಸೆಲ್ ನಿಲ್ಲಿಸಿದ್ರೂ ಅದನ್ನೇ ಕುಡಿದು ಓಡಿದೆ. ಹಾಕಿದ ಮೇಲೆ ಮತ್ತೆ ಯಾವಾಗಲಾದ್ರೂ ಹಾಕಿದ್ರಾ? ನೆನಪು ಮಾಡ್ಕೊಳ್ಳಿ."

ಅಪ್ಪ ನೆನಪು ಮಾಡಿಕೊಂಡರು. ಅದನ್ನು ನಾನು ನೋಡಿದೆ. ಹುಬ್ಬು ಗಂಟಿಕ್ಕಿ, ತುಟಿಗಳು ಸಣ್ಣಗೆ ಅಲ್ಲಾಡಿ, ಕಣ್ಣುಗಳು ಒಳಗೊಳಗೇ ಎಲ್ಲೋ ಹುಡುಕಿ, ಹುಡುಕಿದ ಕಡೆಯೆಲ್ಲ ಖಾಲಿ ಕಂಡು ವಾಪಸು ಬಂದವು. ಎಂಜಿನ್ ಕಿರುಚುತ್ತಿದ್ದಾಗ ಬಾರದ ಹೆದರಿಕೆ ಈಗ ಬಂದಿತ್ತು.

"ಹಾಕಿರಬೇಕು" ಎಂದರು.

ನಾನು ಸುಮ್ಮನಿದ್ದೆ.

ಇದನ್ನು ಬರೆಯುವಾಗಲೂ ಆ ಮೌನವನ್ನು ಚಿಕ್ಕದು ಮಾಡಬೇಕು ಅನಿಸುತ್ತದೆ. ಅದು ಚಿಕ್ಕದಾಗಿರಲಿಲ್ಲ. ಮೇಸ್ತ್ರಿ ಕಾರಿನಡಿ ಬೇಸಿನ್ ಇಟ್ಟು, ಬೋಲ್ಟ್ ಸಡಿಲಿಸಿ, ಆಯಿಲ್ ಇಳಿಯಲು ಬಿಟ್ಟರು. ಅಪ್ಪ ಬೆಂಚಿನ ಮೇಲೆ ಕುಳಿತರು, ನಾನು ಪಕ್ಕದಲ್ಲಿ. ಅವರು ಕೀಯನ್ನು ನನ್ನ ಅಂಗೈಯಲ್ಲಿಟ್ಟರು.

"ನೀನೇ ಇಟ್ಕೋ ಪುಟ್ಟಿ. ನಿಮ್ಮಕ್ಕ ಏನು ಹೇಳು ಅಂತ ನಿನ್ನ ಕಳಿಸಿದಾಳೆ ಅಂತ ಗೊತ್ತು ನಂಗೆ. ಹೇಳೋಕೆ ಆಗದೆ ನೀನು ಒದ್ದಾಡ್ತಿರೋದೂ ಗೊತ್ತು."

ನಾಲ್ಕು ವಾರದಿಂದ ನಾವು ಬಯಸಿದ್ದು ನನ್ನ ಅಂಗೈಯಲ್ಲಿತ್ತು. ಒಂದು ಮಾತೂ ಖರ್ಚಾಗಿರಲಿಲ್ಲ. ಮಗು ಸುರಕ್ಷಿತ, ಜಗಳವಿಲ್ಲ, ಯಾರೂ ಯಾರನ್ನೂ ದೂರಬೇಕಿಲ್ಲ. ಸುಮ್ಮನಿದ್ದರೆ ಸಾಕು. ನಾನು ಕೀ ಮೇಲೆ ಬೆರಳು ಮಡಚಿದೆ.

"ಬೆಳಿಗ್ಗೆ ನೀರು ಕಾಯಿಸಿದವನು ಗ್ಯಾಸ್ ಆಫ್ ಮಾಡಿದೆನಾ?" ಎಂದರು ಅಪ್ಪ.

"ಮಾಡಿದ್ರಿ."

"ನೀನು ನೋಡಿದೆಯಾ?"

"ನೋಡಿದೆ."

"ಹಿಂದಿನ ಬಾಗಿಲು?"

"ಹಾಕಿದ್ರಿ ಅಪ್ಪ."

"ನಿಮ್ಮಮ್ಮ ತೀರಿಕೊಂಡ ವಾರ ಯಾವುದು? ಗುರುವಾರ ಅಲ್ವಾ?" ಉತ್ತರಕ್ಕೆ ಕಾಯಲಿಲ್ಲ. "ಗುರುವಾರ. ಗುರುವಾರ." ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದುಕೊಂಡರು, ಬೆಂಚು ಎಲ್ಲಿಗೋ ಜಾರುತ್ತಿದೆ ಎಂಬಂತೆ. ಬೇಸಿನ್ನಿಗೆ ಆಯಿಲ್ ಬೀಳುವ ಸದ್ದು ಕೇಳುತ್ತಿತ್ತು. ಒಬ್ಬ ಮನುಷ್ಯ ತನ್ನ ತಲೆಯೊಳಗೆ ಒಂದೊಂದೇ ಕೋಣೆಗೆ ಹೋಗಿ ದೀಪ ಹಾಕಿ ನೋಡುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಆ ಕತ್ತಲೆ ನಾನು ಮಾಡಿದ್ದು.

"ಆಯಿಲ್ ಹಾಕಿದ್ದು ನಾನು" ಎಂದೆ.

ಅವರು ತಿರುಗಿ ನೋಡಿದರು. ಮುಖದಲ್ಲಿ ಸಮಾಧಾನ ಬರುತ್ತದೆ ಎಂದು ಕಾದೆ. ಬದಲಿಗೆ ಅವರು ನನ್ನ ತಲೆ ಸವರಿದರು.

"ಬೇಡ ಮಗಾ. ನನಗೋಸ್ಕರ ಸುಳ್ಳು ಹೇಳ್ಬೇಡ."

"ಸುಳ್ಳಲ್ಲ ಅಪ್ಪ. ಬುಧವಾರ ಹಾಕಿದೆ. ಎರಡು ಲೀಟರ್."

"ಎರಡು ಲೀಟರ್ ಅಂತ ಮೇಸ್ತ್ರಿ ಆಗಲೇ ಹೇಳಿದ್ರಲ್ಲ. ನಿಜವಾಗಿದ್ರೆ ಅವರು ಕೇಳಿದಾಗಲೇ ನೀನು ಹೇಳ್ತಿದ್ದೆ. ಇಷ್ಟು ಹೊತ್ತು ಯಾರಾದ್ರೂ ಸುಮ್ಮನೆ ಕೂರ್ತಾರಾ?"

ನನ್ನ ಜೀವಮಾನದಲ್ಲಿ ಅಷ್ಟು ಭಯ ಆದದ್ದಿಲ್ಲ. ನಿಜ ಹೇಳುವ ಹೊತ್ತು ಕೈಮೀರಿ ಹೋಗಿತ್ತು, ಅದು ಈಗ ಕರುಣೆಯ ಹಾಗೆ ಕಾಣುತ್ತಿತ್ತು. ಅಪ್ಪ ಅದನ್ನು ನಂಬದೆ ಮನೆಗೆ ಹೋಗುತ್ತಾರೆ. ಇನ್ನು ಯಾವತ್ತೂ ನಾನು ಏನು ಹೇಳಿದರೂ, ಗ್ಯಾಸ್ ಆಫ್ ಮಾಡಿದ್ರಿ, ಬಾಗಿಲು ಹಾಕಿದ್ರಿ, ಎಲ್ಲವೂ ಕರುಣೆಯೇ ಆಗುತ್ತದೆ.

"ಕೇಳಿ" ಎಂದೆ. "ಏನು ಬೇಕಾದ್ರೂ ಕೇಳಿ. ಹೇಗೆ ಹಾಕಿದೆ ಅಂತ ಕೇಳಿ."

ಅಪ್ಪ, ಸುಮ್ಮನೆ ನನ್ನ ಮನಸ್ಸಿಗಾಗಿ ಎಂಬಂತೆ, ಕೇಳಿದರು. "ಎಲ್ಲಿ ಹಾಕಿದೆ?"

"ಲೈಬ್ರರಿ ಮುಂದೆ."

"ಗಾಡಿ ನಿಲ್ಲಿಸಿ ಎಷ್ಟು ಹೊತ್ತಿಗೆ ಕಡ್ಡಿ ಎಳೆದೆ?"

"ನಿಲ್ಲಿಸಿದ ತಕ್ಷಣ."

ಕಾರಿನಡಿಯಲ್ಲಿ ಮೇಸ್ತ್ರಿಯ ಕೈ ನಿಂತಿತು.

"ತಕ್ಷಣ ಅಂದ್ರೆ?"

"ಎಂಜಿನ್ ಆಫ್ ಮಾಡಿ, ಇಳಿದು, ಬಾನೆಟ್ ಎತ್ತಿ, ಎಳೆದೆ. ತುದೀಲಿ ಮಾತ್ರ ಆಯಿಲ್ ಇತ್ತು. ಒಂದು ಲೀಟರ್ ಹಾಕಿದೆ."

"ಆಮೇಲೆ?"

"ಮತ್ತೆ ನೋಡಿದೆ."

"ಎಷ್ಟು ಹೊತ್ತಿಗೆ?"

"ಡಬ್ಬಿ ಕೆಳಗಿಟ್ಟು, ಹಾಗೇ. ಜಾಸ್ತಿ ಆಗಿರಲಿಲ್ಲ. ಅದಕ್ಕೇ ಇನ್ನೊಂದು ಹಾಕಿದೆ."

ಅಪ್ಪ ಕಣ್ಣು ಮುಚ್ಚಿಕೊಂಡರು. ಮೇಸ್ತ್ರಿ ಕಾರಿನಡಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದರು.

"ತಂಗಿ, ಬಿಸಿ ಎಂಜಿನ್ ನಿಲ್ಲಿಸಿದಾಗ ಆಯಿಲ್ ಎಲ್ಲ ಮೇಲೇ ಅಂಟ್ಕೊಂಡಿರುತ್ತೆ. ಕೆಳಗೆ ಇಳಿಯೋಕೆ ಹತ್ತು ನಿಮಿಷ ಬೇಕು. ನೀನು ಸುರಿದಿದ್ದೂ ಅಷ್ಟೆ. ನೀನು ನೋಡಿದಾಗ ಅದು ಇನ್ನೂ ದಾರೀಲಿತ್ತು."

"ಇದು ಸುಳ್ಳಲ್ಲ" ಎಂದರು ಅಪ್ಪ, ನನಗಲ್ಲ, ಮೇಸ್ತ್ರಿಗೆ. "ಸುಳ್ಳು ಹೇಳೋರು ಇಷ್ಟು ದಡ್ಡತನ ಸೇರಿಸಲ್ಲ."

ಮೇಸ್ತ್ರಿ ನಗಲಿಲ್ಲ. ತಮ್ಮ ಮೊಣಕಾಲನ್ನೂ ಬಂಪರನ್ನೂ ಒಮ್ಮೆ ನೋಡಿ, ಮತ್ತೆ ಕಾರಿನಡಿ ಹೋದರು. ಅವರು ಏನಾದರೂ ಬೈದಿದ್ದರೆ ಒಳ್ಳೆಯದಿತ್ತು.

ಅಪ್ಪ ನನ್ನ ಅಂಗೈ ತೆರೆದು ಕೀ ತೆಗೆದುಕೊಂಡರು. ಸಿಟ್ಟು ಮಾಡಲಿಲ್ಲ. ಕೀಯನ್ನು ಎರಡೂ ಕೈಯ ನಡುವೆ ಇಟ್ಟುಕೊಂಡು ಕುಳಿತರು.

"ಆಯಿಲ್ ನಾನಲ್ಲ."

"ಅಲ್ಲ."

"ಸರ್ಕಲ್ಲಲ್ಲಿ ನಿಂತಿದ್ದು?"

ಪರೀಕ್ಷೆ ಮಾಡಿದ್ರಿ ಅಷ್ಟೇ ಎನ್ನಬಹುದಿತ್ತು. ಅವರು ನನ್ನ ಮುಖವನ್ನು, ಹೊಗೆಯ ಬಣ್ಣ ನೋಡುವವರ ಹಾಗೆ, ನೋಡುತ್ತಿದ್ದರು.

"ಅದು ನೀವೇ ಅಪ್ಪ."

ತಲೆಯಾಡಿಸಿದರು. ಆಮೇಲೆ, ಮೇಸ್ತ್ರಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು. "ಇನ್ನೊಂದಿದೆ. ನಿಮಗ್ಯಾರಿಗೂ ಗೊತ್ತಿಲ್ಲ. ಹೋದ ಸೋಮವಾರ ಮಗೂನ ಶಾಲೆಗೆ ಬಿಟ್ಟು ಅರ್ಧ ದಾರಿ ಬಂದಿದೀನಿ. ಬಿಟ್ಟೆನೋ ಇಲ್ಲವೋ ಗೊತ್ತಾಗ್ಲಿಲ್ಲ. ಗಾಡಿ ನಿಲ್ಲಿಸಿ ಹಿಂದಿನ ಸೀಟು ನೋಡಿದೆ. ಸೀಟಿನ ಕೆಳಗೆ ನೋಡಿದೆ. ಆಮೇಲೆ ಡಿಕ್ಕಿ ತೆಗೆದು ನೋಡಿದೆ, ಪುಟ್ಟಿ." ಕೀಯನ್ನು ಅಂಗೈಯಲ್ಲಿ ಒತ್ತಿದರು. "ಮೂವತ್ತೊಂದು ವರ್ಷದಲ್ಲಿ ಒಂದು ಮಗೂನೂ ಬಿಟ್ಟವನಲ್ಲ ನಾನು."

ನಾನು ಅವರ ಕೈ ಮೇಲೆ ಕೈ ಇಟ್ಟೆ. ಕೈ ತಣ್ಣಗಿತ್ತು.

ಅವರು ಎದ್ದು ಮೇಸ್ತ್ರಿಯ ಹತ್ತಿರ ಹೋದರು. "ಪೈಪೆಲ್ಲ ತೊಳೆದು ಟರ್ಬೊಗೆ ಪೆಟ್ಟಾಗಿದೆಯಾ ನೋಡೋಕೆ ಎಷ್ಟು ದಿನ?"

"ಮೂರು ದಿನ ಕೊಡಿ."

"ನಿಧಾನಕ್ಕೆ ಮಾಡಿ, ಅವಸರ ಇಲ್ಲ. ಕೀ ನಿಮ್ಮ ಹತ್ತಿರ ಇರಲಿ. ಇನ್ಮೇಲೆ ನಾನು ಏನೇ ಹೇಳಿದ್ರೂ ಕಡ್ಡಿ ಎಳೆದು ನೋಡ್ರಿ."

ಮೇಸ್ತ್ರಿ ಕೀಯನ್ನು ತೆಗೆದುಕೊಂಡರು. ಅಪ್ಪನ ಭುಜದ ಮೇಲೆ ಎಣ್ಣೆಯ ಕೈ ಇಡಲು ಹೋಗಿ, ಕೈ ನೋಡಿಕೊಂಡು, ಮೊಣಕೈಯಿಂದ ಮೆಲ್ಲಗೆ ತಿವಿದರು.

ನಾವು ಬಸ್ ಸ್ಟಾಪಿನವರೆಗೆ ನಡೆದೆವು. ರಸ್ತೆ ದಾಟುವಾಗ ಅಪ್ಪ ಅಭ್ಯಾಸದಂತೆ ನನ್ನ ಮಣಿಕಟ್ಟು ಹಿಡಿದರು, ಎರಡೂ ಕಡೆ ನೋಡಿದರು, ದಾಟಿಸಿದರು. ಸ್ಟಾಪಿನಲ್ಲಿ ನಿಂತ ಮೇಲೂ ಕೈ ಬಿಡಲಿಲ್ಲ.

"ಆ ಡಾಕ್ಟರ್ ನಂಬರ್ ನಿಮ್ಮಕ್ಕ ಕೊಟ್ಟಿದ್ದು ನಿನ್ನ ಹತ್ತಿರ ಇದೆಯಲ್ಲ. ಮಾಡು."

ನಾನು ಫೋನ್ ತೆಗೆದೆ.

"ನೀನೂ ಒಳಗೆ ಬರಬೇಕು" ಎಂದರು ಅಪ್ಪ, ಬಸ್ಸು ಬರುವ ದಿಕ್ಕನ್ನೇ ನೋಡುತ್ತ. "ಅಲ್ಲಿ ಕೂತ ತಕ್ಷಣ ನಾನು ಎಲ್ಲ ಸರಿಯಾಗಿದೆ ಅಂದುಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತು. ಆಗ ನೀನು ಸುಮ್ಮನೆ ಕೂರಬೇಡ."

ಕೂರಲ್ಲ ಎಂದೆ. ಆ ಕಡೆ ಫೋನ್ ರಿಂಗಾಗುತ್ತಿತ್ತು. ಯಾರೂ ಎತ್ತದಿದ್ದರೆ ಒಳ್ಳೆಯದಿತ್ತು ಎಂದು ಒಂದು ಕ್ಷಣ ಅನಿಸಿತು. ನಾಲ್ಕನೇ ರಿಂಗಿಗೆ ಒಬ್ಬ ಹೆಂಗಸು ಎತ್ತಿ, "ಹೇಳಿ, ಯಾರಿಗೆ ತೋರಿಸಬೇಕು?" ಎಂದಳು. ಅಪ್ಪನ ಹಿಡಿತ ಬಿಗಿಯಾಯಿತು.

"ನಮ್ಮ ತಂದೆಯವರಿಗೆ" ಎಂದೆ.